ಅಪ್‌ಡೇಟ್: ಮಗಳ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ರಿಸಲ್ಟ್ ಬಂತು

ಬೇ ಏರಿಯಾದಲ್ಲಿ ಪೈಪೋಟಿ ಜಾಸ್ತಿ ಇರುವ ಸರ್ಕಾರಿ ಹೈಸ್ಕೂಲಿನಲ್ಲಿ ಓದುವುದೇ ಮಗಳ ಯುಸಿ ಸೀಟಿಗೆ ಅಡ್ಡ ಬರುತ್ತಾ, ಮನೆ ಬದಲಿಸಬೇಕಾ ಅಂತ ಹೋದ ವರ್ಷ ಕೇಳಿದ್ದೆ. ಬದಲಿಸಲಿಲ್ಲ. ಯುಸಿಯ ಬರ್ಕ್ಲಿ, ಯುಸಿಎಲ್‌ಎ ಕ್ಯಾಂಪಸ್ ಎರಡೂ ಆಗಲಿಲ್ಲ, ಆ ರಾತ್ರಿ ಅವಳು ಊಟವನ್ನೇ ಮಾಡಲಿಲ್ಲ. ಡೇವಿಸ್‌ನಲ್ಲಿ ಸಿಕ್ಕಿದೆ, ಅಲ್ಲಿಗೇ ಹೋಗುತ್ತಾಳೆ, ನಮಗೆ ನಿಜವಾಗಿ ಖುಷಿ ಇದೆ.

ತನ್ನ ಶಾಲೆಯ ಮೊದಲ 9 ಪರ್ಸೆಂಟ್‌ನಲ್ಲಿ ಬರುವ ಮಕ್ಕಳಿಗೆ, ಕೇಳಿದ ಕಡೆ ಎಲ್ಲೂ ಸಿಗದಿದ್ದರೆ, ಜಾಗ ಇರುವ ಬೇರೆ ಯುಸಿ ಕ್ಯಾಂಪಸ್‌ನಲ್ಲಿ ಸೀಟು ಕೊಡುತ್ತಾರೆ. ಆದರೆ ಎಲ್ಲರೂ ಚೆನ್ನಾಗಿ ಓದುವ ಶಾಲೆಯಲ್ಲಿ ಅಷ್ಟರೊಳಗೆ ಬರುವುದು ಕಷ್ಟ ಅಲ್ವಾ, ಇವಳೂ ಬರಲಿಲ್ಲ. ಮತ್ತೆ ಸುಮ್ನೆ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಮೇಲೆ ಎಪಿ ಹೇರಬೇಡಿ, ಯುಸಿ ಅರ್ಹತೆಯ ಜಿಪಿಎಗೆ (ಗ್ರೇಡ್‌ಗಳ ಸರಾಸರಿ) ಹೆಚ್ಚುವರಿ ಪಾಯಿಂಟ್ ಸಿಗುವುದು ಒಟ್ಟು 8 ಸೆಮಿಸ್ಟರ್ ಕೋರ್ಸ್‌ಗಳಿಗೆ ಮಾತ್ರ. ಅಡ್ಮಿಶನ್‌ಗೆ ಎಸ್‌ಎಟಿ ಪರೀಕ್ಷೆಯ ಅಂಕ ನೋಡುವುದೇ ಇಲ್ಲ. ಆಗ ಸಮಾಧಾನವಾಗಿ ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.