ಸಂಜೆಯ ಸಿಗಾರ್ ನಿಜಕ್ಕೂ ದಣಿವಾರಿಸುತ್ತದೆಯೇ?

ತಾರಸಿವಾಸಿ (ಪ್ರಶ್ನೆ):
ಶನಿವಾರ ಸಂಜೆ ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು ಒಂದು ಸಿಗಾರ್ ಸೇದುವುದನ್ನು ಇತ್ತೀಚೆಗೆ ರೂಢಿಸಿಕೊಂಡಿದ್ದೇನೆ. ಸಾಮಾನ್ಯವಾಗಿ ರೊಬಸ್ಟೊ, ಅಂದರೆ ಸುಮಾರು 5 ಅಂಗುಲ ಉದ್ದದ, ಹೆಬ್ಬೆರಳು ಗಾತ್ರದ ಸಿಗಾರ್. ಮೊದಲರ್ಧ ಬಹಳ ಹಿತವಾಗಿರುತ್ತದೆ. ವಾರದ ಕೆಲಸದ ಭಾರ ಇಳಿದಂತೆ ಅನ್ನಿಸುತ್ತದೆ. ಆದರೆ ಕೊನೆಗೆ ಬರುವಷ್ಟರಲ್ಲಿ ಹೊಗೆ ಕಹಿಯಾಗಿ, ತಲೆ ಸುತ್ತಿ, ಅಂಗೈ ತಣ್ಣಗೆ ಬೆವರತೊಡಗುತ್ತದೆ. ನಾನು ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದೇ ಇಲ್ಲ, ಬಾಯಲ್ಲಿಟ್ಟು ಬಿಡುತ್ತೇನೆ. ಹೀಗಿದ್ದೂ ತಲೆ ಸುತ್ತುವುದೇಕೆ? ಹೊಗೆ ಒಳಗೆ ಹೋಗದಿದ್ದರೆ ಸಿಗರೇಟಿನಷ್ಟು ಅಪಾಯವಿಲ್ಲ ಎಂದು ಗೆಳೆಯರು ಹೇಳುವುದು ಎಷ್ಟು ಸರಿ?

ನಿಧಾನಿ:
ಕಹಿಗೆ ಕಾರಣ ಅವಸರ. ನಿಮಿಷಕ್ಕೆ ಒಂದು ಸಲಕ್ಕಿಂತ ಹೆಚ್ಚು ಎಳೆದರೆ ತುದಿಯ ಕೆಂಡ ವಿಪರೀತ ಕಾಯುತ್ತದೆ, ಹೊಗೆ ಖಾರವಾಗುತ್ತದೆ, ಮುಂದಿನ ಎಲೆ ಸುಡುವ ಮೊದಲೇ ಅದರಲ್ಲಿ ಕಹಿ ಅಂಶ ಕೂರುತ್ತದೆ. ರೊಬಸ್ಟೊ ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದರೆ ನೀವು ಅದನ್ನು ಸಿಗರೇಟಿನಂತೆ ಸೇದುತ್ತಿದ್ದೀರಿ ಎಂದೇ ಅರ್ಥ. ಹೊತ್ತಿಸುವಾಗಲೂ ಬೆಂಕಿಗೆ ತಾಗಿಸದೆ ಜ್ವಾಲೆಯ ತುಸು ಮೇಲೆ ಹಿಡಿದು, ಅಂಚು ಸುತ್ತಲೂ ಸಮನಾಗಿ ಕೆಂಪಾಗುವವರೆಗೆ ತಿರುಗಿಸಬೇಕು. ಬೂದಿಯನ್ನು ಪದೇ ಪದೇ ಕೊಡವಬೇಡಿ. ಒಂದಂಗುಲದಷ್ಟು ಬೂದಿ ನಿಂತರೆ ಕೆಂಡ ತಂಪಾಗಿ ಉರಿಯುತ್ತದೆ. ಕೊನೆಯ ಮೂರನೇ ಒಂದು ಭಾಗವನ್ನು ಸೇದಲೇಬೇಕೆಂಬ ಹಟ ಬೇಡ. ಜಜ್ಜಿ ಆರಿಸದೆ ಬೂದಿತಟ್ಟೆಯ ಮೇಲೆ ಬಿಟ್ಟರೆ ತಾನಾಗಿ ಆರುತ್ತದೆ, ನಾತವೂ ಕಡಿಮೆ. ಖಾಲಿ ಹೊಟ್ಟೆಯಲ್ಲಂತೂ ಮುಟ್ಟಲೇಬೇಡಿ.

ಹುಣಸೂರು ಸೀಮೆಯವ:
ತಲೆ ಸುತ್ತಿನ ಮೂಲ ಎಲೆಯನ್ನು ಹದ ಮಾಡುವ ಕ್ರಮದಲ್ಲಿದೆ. ನಮ್ಮ ಕಡೆ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ಹೊಗೆಸೊಪ್ಪು. ಕಡ್ಡಿಗೆ ಪೋಣಿಸಿದ ಎಲೆಗಳನ್ನು ಬ್ಯಾರನ್ನಿನಲ್ಲಿ, ಅಂದರೆ ಶಾಖ ಕೊಟ್ಟು ಎಲೆ ಒಣಗಿಸುವ ಕೋಣೆಯಲ್ಲಿ, ತೂಗುಹಾಕಿ, ಮೊದಲು ಮೆಲ್ಲನೆಯ ಶಾಖದಲ್ಲಿ ಹಳದಿ ಬರಿಸಿ, ಆಮೇಲೆ ಸುಮಾರು 70 ಡಿಗ್ರಿಯವರೆಗೆ ಏರಿಸಿ ದಂಟನ್ನೂ ಒಣಗಿಸುತ್ತೇವೆ. ಒಂದು ವಾರದೊಳಗೆ ಕೆಲಸ ಮುಗಿಯುವುದರಿಂದ ಎಲೆಯಲ್ಲಿ ಸಕ್ಕರೆ ಉಳಿಯುತ್ತದೆ, ಹೊಗೆ ಹುಳಿ ಗುಣದ್ದಾಗುತ್ತದೆ. ಅಂಥ ಹೊಗೆಯ ನಿಕೋಟಿನ್ ಬಾಯಿಯ ಪೊರೆಯಲ್ಲಿ ಹೆಚ್ಚು ಇಂಗದು, ಹಾಗಾಗಿಯೇ ಸಿಗರೇಟು ಸೇದುವವರು ಅದನ್ನು ಎದೆಗೆಳೆಯುವುದು. ಕ್ಯೂಬಾದ ಪಿನಾರ್ ದೆಲ್ ರಿಯೊ ಭಾಗದಲ್ಲಿ ಸಿಗಾರ್ ಎಲೆಯನ್ನು ಬೆಂಕಿಯಿಲ್ಲದೆ ಗಾಳಿಯಲ್ಲೇ ವಾರಗಟ್ಟಲೆ ಒಣಗಿಸಿ, ಅನಂತರ ರಾಶಿ ಹಾಕಿ ಹುದುಗಿಸುತ್ತಾರೆ. ರಾಶಿ ಒಳಗೊಳಗೇ ಬಿಸಿಯಾಗಿ ಅಮೋನಿಯಾ ಹೊರಡುತ್ತದೆ, ಸಕ್ಕರೆ ಬಹುಪಾಲು ಹೋಗಿರುತ್ತದೆ. ಆ ಎಲೆಯ ಹೊಗೆ ಕ್ಷಾರ ಗುಣದ್ದಾದ್ದರಿಂದ ನಿಕೋಟಿನ್ ಕೆನ್ನೆಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ನೀವು ಎಳೆದುಕೊಳ್ಳಲಿ ಬಿಡಲಿ, ಪಾಲು ಬಂದೇ ಬರುತ್ತದೆ.

ವೈದ್ಯವೃತ್ತಿಯವಳು:
ಮೇಲಿನ ಮಾತು ಸರಿ, ಮತ್ತು ಗೆಳೆಯರ ವಾದಕ್ಕೆ ಅದೇ ಉತ್ತರ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ತಲೆ ಸುತ್ತು, ತಣ್ಣನೆಯ ಬೆವರು ನಿಕೋಟಿನ್ ಮಿತಿ ಮೀರಿದ ಲಕ್ಷಣಗಳು. ಅವು ಕಂಡೊಡನೆ ಕೆಳಗಿಟ್ಟುಬಿಡಿ. ಎದೆಗೆ ಎಳೆಯದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸಿಗರೇಟಿನವರಿಗಿಂತ ಕಡಿಮೆ ಎಂಬುದು ನಿಜವಾದರೂ, ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೆ ಆ ರಿಯಾಯಿತಿ ಇಲ್ಲ. ಕರಾವಳಿ ಆಂಧ್ರದಲ್ಲಿ ಚುಟ್ಟಾದ (ಹೊಗೆಸೊಪ್ಪು ಸುತ್ತಿದ ನಾಟಿ ಸಿಗಾರ್) ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ಹೆಂಗಸರಲ್ಲಿ ಅಂಗುಳಿನ ಕ್ಯಾನ್ಸರ್ ಕಾಣಿಸುವುದು ನಮ್ಮ ಪಠ್ಯದಲ್ಲೇ ಇರುವ ವಿಷಯ.

ದಣಿವಾರುವ ಪ್ರಶ್ನೆಗೆ ಬಂದರೆ, ನಿಕೋಟಿನ್ ನಾಡಿ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುವ ಉತ್ತೇಜಕ. ನಿಮ್ಮ ಭಾರ ಇಳಿಸುತ್ತಿರುವುದರಲ್ಲಿ ಹೆಚ್ಚಿನ ಪಾಲು, ಫೋನ್ ಮುಟ್ಟದೆ ಒಂದು ಗಂಟೆ ಗಾಳಿಯಲ್ಲಿ ಕೂರುವುದರದ್ದು ಎಂದು ನನ್ನ ಅಂದಾಜು. ಒಂದು ಶನಿವಾರ ಅದೇ ಕುರ್ಚಿಯಲ್ಲಿ ಸಿಗಾರ್ ಇಲ್ಲದೆ ಕೂತು ನೋಡಿ.

ತಾರಸಿವಾಸಿ:
ಎಲ್ಲರಿಗೂ ಧನ್ಯವಾದ. ಫೋನ್ ಕೆಳಗೇ ಬಿಟ್ಟು ಬರುವುದು ನಿಜ, ಆ ದೃಷ್ಟಿಯಿಂದ ಯೋಚಿಸಿರಲಿಲ್ಲ. ಸದ್ಯಕ್ಕೆ ತಿಂಗಳಿಗೊಂದಕ್ಕೆ ಇಳಿಸುತ್ತೇನೆ. ಹಾಗಾದರೆ ಉಳಿದವನ್ನು ಬೆಂಗಳೂರಿನ ಮಾರ್ಚ್ ಬಿಸಿಲಿನಲ್ಲಿ ಕೆಡದಂತೆ ಇಡುವುದು ಹೇಗೆ?

ನಿಧಾನಿ:
ಬಿಗಿ ಮುಚ್ಚಳದ ಡಬ್ಬಿಯಲ್ಲಿ ಶೇಕಡಾ 65ರಿಂದ 69ರ ತೇವಾಂಶ ಕಾಯುವ ಪೊಟ್ಟಣವೊಂದನ್ನು ಇಡಿ, ಬೆಂಗಳೂರಿಗೆ ಅಷ್ಟು ಸಾಕು. ಮಂಗಳೂರಿನ ಮಳೆಗಾಲದಲ್ಲಾದರೆ ಬೂಷ್ಟಿನ ಚಿಂತೆ. ಎಲ್ಲಿದ್ದರೂ ಸೆಖೆ ಹೆಚ್ಚಾದಾಗ ಹೊಗೆಸೊಪ್ಪಿನ ಹುಳು ಮೊಟ್ಟೆಯೊಡೆದು ಹೊರಬರಬಹುದು. ಮೇಲೆಲೆಯಲ್ಲಿ ಸೂಜಿಮೊನೆಯಂಥ ತೂತು ಕಂಡರೆ ಆ ಸಿಗಾರನ್ನು ಕೂಡಲೇ ಬೇರೆ ಮಾಡಿ, ಉಳಿದವನ್ನು ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಡಿ.