ಸಹಾಯ ಬೇಕು: ಇದು ತಾಳೆಗರಿ ಬರೆಯುವ ಕಂಠವಾ (ಅಕ್ಷರ ಕೊರೆಯುವ ಲೋಹದ ಲೇಖನಿ), ಬೇರೆ ಏನಾದರೂನಾ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಅಟ್ಟದಲ್ಲಿ ಫೋಟೋದಲ್ಲಿರುವ ಈ ಕಬ್ಬಿಣದ ಸಾಮಾನು ಸಿಕ್ಕಿದೆ. ಉದ್ದ ಸುಮಾರು ಒಂದು ಗೇಣು. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಪುಟ್ಟ ಚೂರಿ. ನಡುವೆ, ಬೆರಳು ಹಿಡಿಯುವ ಜಾಗದಲ್ಲಿ, ಹಿತ್ತಾಳೆ ಉಂಗುರಗಳಿವೆ. ಅವು ಒಂದು ಪಕ್ಕ ಮಾತ್ರ ಜಾಸ್ತಿ ಸವೆದಿವೆ.

ನನಗೆ ಇದು ತಾಳೆಗರಿ ಬರೆಯುವ ಕಂಠ ಅನ್ನಿಸುತ್ತದೆ. ಚೂರಿಯಿಂದ ಗರಿಯ ಅಂಚು ಸವರಬಹುದು, ಮೊನೆಯಿಂದ ಅಕ್ಷರ ಕೊರೆಯಬಹುದು. ಆಮೇಲೆ ಮಸಿ ಹಚ್ಚಿ ಒರೆಸಿದರೆ ಗೀರಿನೊಳಗೆ ಮಾತ್ರ ಕಪ್ಪು ಉಳಿಯುತ್ತದೆ. ಆದರೆ ಮೊನೆಯಿಂದ ಸ್ವಲ್ಪ ಮೇಲೆ ಒಂದು ಸಣ್ಣ ತೂತಿದೆ, ದಬ್ಬಳದ ಕಣ್ಣಿನ ಹಾಗೆ. ನಾನು ಸಿಕ್ಕಿಕೊಂಡಿರುವುದು ಇಲ್ಲೇ. ಬರೆಯುವ ಸಾಮಾನಿಗೆ ತೂತು ಯಾಕೆ?

ಪೇಟೆಯ ಕಮ್ಮಾರರಿಗೆ ತೋರಿಸಿದೆ, "ಚರ್ಮ ಹೊಲಿಯೋದಿರಬೇಕು" ಅಂದರು. ದೊಡ್ಡಮ್ಮ ಮಾತ್ರ ಅಜ್ಜಯ್ಯ ಇದನ್ನು ಓಲೆಕಟ್ಟಿನ ಜೊತೆಗೇ ಇಡುತ್ತಿದ್ದರು ಅನ್ನುತ್ತಾರೆ. ಆ ಕಟ್ಟು ಈಗಿಲ್ಲ. ಮೊಬೈಲಿನಲ್ಲಿ ಫೋಟೋ ಹಾಕಿ ಹುಡುಕಿದರೆ ಬರೀ ಲಕೋಟೆ ಬಿಡಿಸುವ ಚಾಕು ತೋರಿಸುತ್ತದೆ. ತುಕ್ಕನ್ನು ಉಜ್ಜಿಲ್ಲ, ಗುರುತುಗಳೇನಾದರೂ ಇದ್ದರೆ ಅಳಿಸಿಹೋಗುತ್ತವೆ ಅಲ್ವಾ.

ಹಳೇ ಓಲೆಗರಿ, ಕಂಠಗಳನ್ನು ಕೈಯಲ್ಲಿ ಹಿಡಿದು ನೋಡಿದವರು ದಯವಿಟ್ಟು ಹೇಳಿ: ಮೊನೆಯ ಹತ್ತಿರ ಹೀಗೆ ತೂತಿರುವ ಕಂಠ ನೋಡಿದ್ದೀರಾ? ಗರಿಗಳಿಗೆ ದಾರ ಪೋಣಿಸಲು ಆ ತೂತು ಬಳಸುತ್ತಿದ್ದರಾ, ಅಥವಾ ಇದು ಹೊಲಿಗೆಯ ಸಾಮಾನೇನಾ?