ದೃಷ್ಟಿ ಇಲ್ಲದ ಕಲೀಗ್‌ಗೆ ಫುಲ್ ಮ್ಯಾರಥಾನಲ್ಲಿ ಗೈಡ್ ಆಗ್ಬೇಕು, ಮಾಡಿದವ್ರು ಯಾರಾದ್ರೂ ಇದೀರಾ?

ಮಂದಗತಿ_ಮಲ್ಲೇಶ್ವರಂ:

ಎಲ್ರಿಗೂ ನಮಸ್ಕಾರ. ನಾನು ಐದಾರು ವರ್ಷದಿಂದ ಓಡ್ತಿದೀನಿ, ಎರಡು ಫುಲ್ ಮುಗ್ಸಿದೀನಿ, ಬೆಸ್ಟ್ ಟೈಮು 4 ಗಂಟೆ 15 ನಿಮಿಷ. ನಮ್ ಬ್ಯಾಂಕ್ ಬ್ರಾಂಚಲ್ಲಿ ಒಬ್ರು ಸೀನಿಯರ್ ಇದಾರೆ, ಅವ್ರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ಆರ್‌ಪಿ ಅಂತಾರಲ್ಲ ಅದು. ಚಿಕ್ಕಂದಿನಲ್ಲಿ ಕತ್ತಲಾದ್ರೆ ಮಾತ್ರ ಕಾಣ್ತಿರ್ಲಿಲ್ವಂತೆ, ಆಮೇಲೆ ಸುತ್ತಲಿನ ನೋಟ ಹೋಯ್ತು, ಈಗ ಹಗಲಲ್ಲೂ ಬೆಳಕು ನೆರಳು ಅಷ್ಟೇ. ಎರಡು ಹಾಫ್ ಓಡಿದಾರೆ, ಅವಾಗ ಗೈಡ್ ಆಗಿದ್ದ ಹುಡುಗ ಕೆನಡಾಗೆ ಹೋಗ್ಬಿಟ್ಟ. ಮೊನ್ನೆ ಊಟ ಮುಗ್ಸಿ ಡಬ್ಬಿ ಮುಚ್ಚಳ ಹಾಕ್ತಾ ಹಾಕ್ತಾ, "ಅಕ್ಟೋಬರ್‌ಗೆ ಬೆಂಗಳೂರಲ್ಲಿ ಫುಲ್ ಓಡೋಣ ಅಂತಿದೀನಿ ಕಣೋ, ನೀನ್ ಬರ್ತೀಯಾ" ಅಂದ್ರು. ನಾನು ಹಿಂದೆಮುಂದೆ ಯೋಚ್ನೆ ಮಾಡ್ದೆ ಹೂಂ ಸರ್ ಅಂದ್ಬಿಟ್ಟೆ.

ಈಗ ಶುರುವಾಗಿದೆ ಪುಕಪುಕ. ಹೋದ ಭಾನುವಾರ ಕಬ್ಬನ್ ಪಾರ್ಕಲ್ಲಿ, ಗಾಡಿ ಬಿಡಲ್ವಲ್ಲ ಅಂತ, ಹಳೇ ಶೂ ಲೇಸಿನ ಎರಡು ತುದಿಗೆ ಕುಣಿಕೆ ಹಾಕಿ, ಒಂದೊಂದು ತುದಿ ಒಬ್ಬೊಬ್ರು ಹಿಡ್ಕೊಂಡು 5 ಕಿಮೀ ಟ್ರೈ ಮಾಡಿದ್ವಿ. ನಾಲ್ಕು ಕಿಮೀ ಚೆನ್ನಾಗೇ ಹೋಯ್ತು, ಆಮೇಲೆ ನಾನು ಏನೋ ಆಫೀಸ್ ವಿಷ್ಯ ಮಾತಾಡ್ತಾ ಮೈಮರೆತೆ, "ಹಂಪ್" ಅನ್ನೋಷ್ಟ್ರಲ್ಲಿ ಹಂಪ್ ಕಾಲಡಿ ಬಂದಿತ್ತು. ಅವ್ರು ಮುಗ್ಗರಿಸಿ ನನ್ನ ಭುಜ ಹಿಡ್ಕೊಂಡ್ರು, ಪುಣ್ಯಕ್ಕೆ ಬೀಳ್ಲಿಲ್ಲ. ಅವ್ರು ನಕ್ಕು ಮುಂದೆ ಹೊರಟ್ರು, ನನಗೆ ಮಾತ್ರ ರಾತ್ರಿಯೆಲ್ಲ ನಿದ್ದೆ ಇಲ್ಲ.

5 ಕಿಮೀಗೇ ಹಿಂಗಾದ್ರೆ 42 ಕಿಮೀ ಹೆಂಗೆ? ಅವ್ರ ಟಾರ್ಗೆಟ್ 5 ಗಂಟೆ. ನನ್ನಿಂದ ಆಗುತ್ತಾ? ದಾರ ಎಷ್ಟು ಉದ್ದ ಇರ್ಬೇಕು, ಏನೇನು ಹೇಳ್ಬೇಕು, ಬಿದ್ದುಬಿಟ್ರೆ ಏನ್ಮಾಡ್ಲಿ? ಅನುಭವ ಇದ್ದವ್ರು ದಯವಿಟ್ಟು ಹೇಳಿ.

ಹಂಪ್_ಹಂಪ್:

ನಾನು ಮೂರು ಹಾಫು ಒಂದು ಫುಲ್ ಗೈಡ್ ಮಾಡಿದೀನಿ. ಹೆಸರು ನೋಡಿದ್ರೆ ಗೊತ್ತಾಗುತ್ತೆ ಬಾಯಲ್ಲಿ ಯಾವಾಗ್ಲೂ ಏನಿರುತ್ತೆ ಅಂತ.

ಪೇಸ್ ವಿಷ್ಯ ಮೊದ್ಲು. 5 ಗಂಟೆ ಅಂದ್ರೆ ಕಿಲೋಮೀಟರ್‌ಗೆ 7 ನಿಮಿಷ 6 ಸೆಕೆಂಡ್ ಹತ್ರ, ನಿಮ್ಮ ಬೆಸ್ಟು 6:03, ಒಂದು ನಿಮಿಷ ಕೈಯಲ್ಲಿದೆ, ಸಾಕು. ಆದ್ರೆ ನೀವು 5 ಗಂಟೆ ಓಡೋದಷ್ಟೇ ಅಲ್ಲ, 5 ಗಂಟೆ ಮಾತಾಡ್ಬೇಕು. ಮಾತಿಗೆ ಎಷ್ಟು ಉಸಿರು ಖರ್ಚಾಗುತ್ತೆ ಅಂತ 30 ಕಿಮೀ ಆದ್ಮೇಲೆ ಗೊತ್ತಾಗೋದು. ಲಾಂಗ್ ರನ್ ಎಲ್ಲಾ ಅವ್ರ ಜೊತೆಗೇ ಮಾಡಿ, ಒಬ್ರೇ ಓಡಿದ್ದು ಇದಕ್ಕೆ ಲೆಕ್ಕಕ್ಕಿಲ್ಲ. ಸಾಧ್ಯ ಆದ್ರೆ ಇನ್ನೊಬ್ಬ ಗೈಡ್ ಹುಡ್ಕಿ, ಅರ್ಧದಲ್ಲಿ ಬದಲಾಯ್ಸಿ.

ದಾರ: ಶೂ ಲೇಸ್ ಓಕೆ, ಆದ್ರೆ ಬೆವರಿಗೆ ಬೆರಳು ಕೊಯ್ಯುತ್ತೆ, ನಾವು ಹಳೇ ಕಾಟನ್ ಟೀ ಶರ್ಟ್ ಅಂಚು ಹರಿದು ಹೆಣೆದ್ಕೊಂಡಿದ್ವಿ. ಎಲಾಸ್ಟಿಕ್ ಬೇಡ, ಅದು ನಿಮ್ಮ ಕೈ ಹೇಳಿದ್ದನ್ನ ನುಂಗಿಬಿಡುತ್ತೆ, ದೊಡ್ಡ ಪ್ಯಾರಾ ಸ್ಪರ್ಧೆಗಳಲ್ಲಂತೂ ಹಿಗ್ಗೋ ದಾರ ನಿಯಮಕ್ಕೇ ವಿರುದ್ಧ. ಗಿಡ್ಡಕ್ಕೇ ಇರ್ಲಿ, ಒಂದು ಗೇಣು ಅಷ್ಟು. ನೀವು ಎಳೀಬಾರ್ದು, ತಳ್ಳಬಾರ್ದು, ಫಿನಿಶ್ ಲೈನ್‌ನ ಅವ್ರಿಗಿಂತ ಮುಂಚೆ ದಾಟಬಾರ್ದು. ಕೈ ಬೀಸೋದು ಇಬ್ರದ್ದೂ ಒಟ್ಟಿಗೆ ಇರ್ಬೇಕು, ಅಂದ್ರೆ ಅವ್ರ ಬಲಗೈ ನಿಮ್ಮ ಎಡಗೈ ಒಂದೇ ಸಲ ಮುಂದೆ ಹೋಗ್ಬೇಕು, ಕಾಲೂ ಹಂಗೇ. ನಮ್ಮ ಚಿಕ್ಕಮಗಳೂರಿನ ರಕ್ಷಿತಾ ರಾಜು ಅವ್ರ ವಿಡಿಯೋ ನೋಡಿ, 2018ರ ಏಷ್ಯನ್ ಪ್ಯಾರಾ ಗೇಮ್ಸಲ್ಲಿ 1500 ಮೀಟರ್ ಚಿನ್ನ, 2023ರಲ್ಲಿ ಹಾಂಗ್‌ಝೌನಲ್ಲೂ ಚಿನ್ನ. ಅವ್ರು ಗೈಡ್ ರಾಹುಲ್ ಬಾಲಕೃಷ್ಣ ಜೊತೆ ಓಡೋದನ್ನ ಸೌಂಡ್ ಆಫ್ ಮಾಡಿ ಬರೀ ಕೈ ನೋಡಿ, ಒಂದೇ ದೇಹಕ್ಕೆ ನಾಲ್ಕು ಕೈ ಇದ್ದಂಗಿರುತ್ತೆ.

ಮಾತು: "ನೋಡ್ಕೊಂಡ್ ಬನ್ನಿ", "ಅಲ್ಲಿ", "ಇಲ್ಲಿ", "ಹುಷಾರು" ಇವೆಲ್ಲ ಮರೆತುಬಿಡಿ. ಹುಷಾರು ಅಂದ್ರೆ ಯಾವುದಕ್ಕೆ ಹುಷಾರು, ಪಾಪ ಅವ್ರು ಎಲ್ಲದಕ್ಕೂ ಬಿಗಿಯಾಗ್ತಾರೆ. "ಹತ್ತು ಹೆಜ್ಜೆಗೆ ಹಂಪ್", ಆಮೇಲೆ "ಮೂರು, ಎರಡು, ಒಂದು, ಹತ್ತಿ", ಅಷ್ಟೇ. ತಿರುವು ಅಂದ್ರೆ ಎಷ್ಟು ತಿರುವು ಅಂತ ಹೇಳಿ, ಸ್ವಲ್ಪ ಎಡಕ್ಕಾ, ಪೂರ್ತಿ ಯೂ ಟರ್ನಾ. ನೀರಿನ ಟೇಬಲ್ ಹತ್ರ ಪ್ಲಾಸ್ಟಿಕ್ ಬಾಟ್ಲು ಲೋಟ ಬಿದ್ದಿರುತ್ತೆ, ತುಳಿದ್ರೆ ಜಾರುತ್ತೆ, ಅಲ್ಲಿ ನಡೀರಿ, ನಾಚ್ಕೆ ಬೇಡ. ಮುಂದೆ ಹೋಗ್ತಿರೋರಿಗೆ ಜೋರಾಗಿ ಕೂಗಿ "ಬ್ಲೈಂಡ್ ರನ್ನರ್, ಬಲಗಡೆ ಬರ್ತಿದೀವಿ" ಅಂತ. ಅರ್ಧ ಜನ ಕಿವಿಗೆ ಇಯರ್‌ಫೋನ್ ಹಾಕ್ಕೊಂಡಿರ್ತಾರೆ, ಆದ್ರೂ ಕೂಗಿ.

ಒಂದು ಮುಖ್ಯ, ನಿಮ್ಮ ಸರ್‌ಗೆ ಆರ್‌ಪಿ ಅಂದ್ರಿ. ಫುಲ್ ಶುರುವಾಗೋದು ಬೆಳಕು ಹರಿಯೋ ಮುಂಚೆ. ಆ ಕತ್ತಲಲ್ಲಿ ಅವ್ರಿಗೆ ಇರೋ ಚೂರುಪಾರು ಬೆಳಕೂ ಸಿಗಲ್ಲ, ಸೂರ್ಯ ಎದುರಿಗೆ ಬಂದಾಗ ಆ ಝಗಝಗಕ್ಕೆ ಇನ್ನೂ ಕಷ್ಟ. ಕ್ಯಾಪ್ ತಗೊಳ್ಳೋಕೆ ಹೇಳಿ, ಪ್ರಾಕ್ಟೀಸೂ ಬೆಳಿಗ್ಗೆ ಐದಕ್ಕೇ ಮಾಡಿ.

ಟಾಯ್ಲೆಟ್ ಬಗ್ಗೆ ಯಾರೂ ಹೇಳಲ್ಲ ನಾನ್ ಹೇಳ್ತೀನಿ: ಬಾಗ್ಲು ತೆಗೆದು, ಅವ್ರ ಕೈಯನ್ನ ಚಿಲಕದ ಮೇಲೆ ಇಟ್ಟು ತೋರ್ಸಿ, ಸೀಟ್ ಎಷ್ಟು ದೂರ ಅಂತ ಹೇಳಿ, ಹೊರಗಡೆ ನಿಂತ್ಕೊಳ್ಳಿ. ಮುಜುಗರ ಪ್ರಾಕ್ಟೀಸಲ್ಲೇ ಮುಗೀಲಿ.

ಪೇಡಾ_ಪೇಸ್:

ಧಾರವಾಡದಿಂದ ನಮಸ್ಕಾರ್ರಿ. ನಾ ಗೈಡ್ ಮಾಡಿಲ್ಲ, ಆದ್ರ ಒಂದ್ ಮಾತ್ ಹೇಳಬೇಕನಿಸ್ತು. ಬೀಳೋರು ಅವರಽ ಅಂತ ಯಾಕ ಅನ್ಕೊಂಡೀರಿ? 2000ದಾಗ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಾಗ ಕೆನ್ಯಾದ ಹೆನ್ರಿ ವನ್ಯೋಯಿಕೆ 5000 ಮೀಟರ್ ಓಡಲಿಕ್ಕತ್ತಿದ್ದ, ಕಣ್ಣು ಪೂರಾ ಇಲ್ಲ. ಕಡೀಕ ಗೈಡ್‌ಗಽ ಸುಸ್ತಾಗಿ ಕಾಲ ಸೋತು ಕುಸೀಲಿಕ್ಕತ್ತಿದ, ಆವಾಗ ಈ ಹೆನ್ರಿನಽ ಅವನ್ನ ಎಳಕೊಂಡು ಹೋಗಿ ಲೈನ್ ದಾಟಿ ಚಿನ್ನ ಹೊಡದ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಾಗ ಸ್ಪೇನಿನ ಎಲೆನಾ ಕೊಂಗೊಸ್ತ್ ಮ್ಯಾರಥಾನ್‌ದಾಗ ಮೂರನೇದಾಕಿ ಬರಾಕತ್ತಿದ್ಲು, ಇನ್ನ ನಾಕ್ ಹೆಜ್ಜಿ ಇತ್ತು ಅಷ್ಟಽ, ಗೈಡ್‌ನ ಕಾಲ ಹಿಡಕೊಂತು. ಆತ ಬೀಳತಾನಂತ ಈಕಿ ಒಂದ್ ಕ್ಷಣ ಹಗ್ಗ ಬಿಟ್ಟು ಆತನ್ನ ಹಿಡದ್ಲು. ಹಗ್ಗ ಬಿಟ್ಟಿದ್ದಕ್ಕ ಡಿಸ್‌ಕ್ವಾಲಿಫೈ! ಹಿಂದಿನಾಕಿ ನಿಮಿಷಗಟ್ಟಲೆ ದೂರ ಇದ್ಲು, ಕಂಚು ಜಪಾನಿನ ಮಿಚಿಶಿತಾಗ ಹೋತು. ನಿಯಮ ಇರಬಹುದು, ನನಗಂತೂ ಇನ್ನೂ ಸಿಟ್ಟೈತಿ.

ಹಿಂಗಾಗಿ ಅವರ ಚಿಂತಿ ಕಮ್ಮಿ ಮಾಡ್ರಿ, ನಿಮ್ಮ ಉಪ್ಪು, ನಿಮ್ಮ ನೀರು, ನಿಮ್ಮ ಮೀನಖಂಡದ ಚಿಂತಿ ಮಾಡ್ರಿ. ಗೈಡ್ ಆದವ್ರು ಅವರಿಗೆ ನೀರ ಕೊಡೂದ್ರಾಗ ತಾವು ಕುಡ್ಯೂದು ಮರೀತಾರಂತ.

ಪ್ರಾಕ್ಟಿಕಲ್_ಪುಟ್ಟಸ್ವಾಮಿ:

ಬೇಜಾರ್ ಮಾಡ್ಕೋಬೇಡಿ, ನನ್ನ ಪ್ರಕಾರ ಫುಲ್ ಬೇಡ. ನಿಮಗೆ ಅನುಭವ ಇಲ್ಲ, ಅವ್ರಿಗೆ ಕಣ್ಣಿಲ್ಲ, ನಮ್ಮೂರ ರೋಡ್ ಗೊತ್ತಲ್ಲ ಗುಂಡಿ. ನಯವಾಗಿ 10ಕೆಗೆ ಒಪ್ಪಿಸಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜವಾಬ್ದಾರಿ ಯಾರದ್ದು?

ಕುಕ್ಕರಹಳ್ಳಿ_ಕಿವಿ:

ಪುಟ್ಟಸ್ವಾಮಿಗಳೇ ಜವಾಬ್ದಾರಿ ನಂದು. ನಾನು ಅಂದ್ರೆ ಓಡೋನು. ನಾನೂ ಹುಟ್ಟಾ ಕುರುಡ, ಮೈಸೂರು, ವಯಸ್ಸು 46, ಇದನ್ನ ಬಾಯಲ್ಲಿ ಹೇಳಿ ಟೈಪ್ ಮಾಡಿಸ್ತಿದೀನಿ ಒತ್ತಕ್ಷರ ಎಡವಿದ್ರೆ ಫೋನಿಗೆ ಬೈರಿ. ಆ ಮನುಷ್ಯ ಎರಡು ಹಾಫ್ ಓಡಿದಾನೆ, ದಿನಾ ಬಸ್ ಹತ್ತಿ ಬ್ಯಾಂಕಿಗೆ ಬರ್ತಾನೆ, 42 ಅವನಿಗೆ ಬೇಕಾ ಬೇಡ್ವಾ ಅಂತ ಅವನಿಗೆ ಗೊತ್ತಿಲ್ವಾ? ನಯವಾಗಿ ಒಪ್ಪಿಸೋದಂತೆ. ನಮಗೆ ಜೀವಮಾನ ಪೂರ್ತಿ ಎಲ್ಲರೂ ನಯವಾಗೇ ಒಪ್ಪಿಸಿದ್ದು ಸಾರ್.

ಈಗ ಮಂದಗತಿ ಅವ್ರಿಗೆ. ನಾನೂ ಬಿದ್ದಿದೀನಿ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮರದ ಬೇರಿಗೆ ಎಡವಿ ಮಂಡಿ ಕಿತ್ತೋಯ್ತು, ವಾರದಲ್ಲಿ ಒಣಗ್ತು. ಆದ್ರೆ ಗೈಡ್ ಹುಡುಗ ಮೂರು ತಿಂಗ್ಳು ಸಾರಿ ಕೇಳ್ತಾನೇ ಇದ್ದ, ಅವನ್ನ ಸಮಾಧಾನ ಮಾಡೋದು ಮಂಡಿಗಿಂತ ನೋವು. ಕಡೆಗೆ ನಾನೇ ಹೇಳ್ದೆ, ಲೋ ನಮ್ಮನೆ ಬಾತ್‌ರೂಮ್ ಬಾಗ್ಲು ಅರ್ಧ ತೆಗ್ದಿಟ್ಟಿರ್ತಾರಲ್ಲ ಅದು ನಿನಗಿಂತ ಜಾಸ್ತಿ ಸಲ ನನ್ನ ಹಣೆ ಒಡೆದಿದೆ, ಅದು ಒಂದ್ ಸಲಾನೂ ಸಾರಿ ಕೇಳಿಲ್ಲ. ನಿಮ್ಮ ಸರ್ ಹಂಪ್ ಹತ್ರ ನಕ್ಕಿದ್ದು ಸುಮ್ನೆ ಅಲ್ಲ.

ನೀವು ಏನೂ ಮಾತಾಡ್ದೆ ಇದ್ದಾಗ ನಮಗೆ ಎರಡರ್ಥ, ರೋಡ್ ಚೆನ್ನಾಗಿದೆ ಅಂತಾನೋ ಅಥವಾ ನೀವು ಮೈಮರೆತಿದೀರ ಅಂತಾನೋ. ಅದಕ್ಕೆ "ಒಂದು ಇನ್ನೂರು ಮೀಟರ್ ಕ್ಲಿಯರು, ಸುಮ್ನಿರ್ತೀನಿ" ಅಂತ ಹೇಳಿ ಸುಮ್ನಾಗಿ. ಆವಾಗ ಓಡೋ ಸುಖವೇ ಬೇರೆ. ದಾರಾನೂ ಮಾತಾಡುತ್ತೆ, ನಿಮ್ಮ ಕೈ ಸ್ವಲ್ಪ ಮೇಲೆ ಹೋದ್ರೆ ಹಂಪ್ ಅಂತ ನನಗೆ ಬಾಯಿಗಿಂತ ಮುಂಚೆ ಗೊತ್ತಾಗುತ್ತೆ. ಟಾರ್ ಮುಗಿದು ಕಾಂಕ್ರೀಟ್ ಬಂದ್ರೆ ಪಾದಕ್ಕೇ ಗೊತ್ತು, ಅದನ್ನೆಲ್ಲ ವರದಿ ಮಾಡ್ಬೇಡಿ. ಬದಲಿಗೆ ನಮಗೆ ಗೊತ್ತಾಗದೇ ಇರೋದು ಹೇಳಿ, ಮುಂದೆ ಹೋಗ್ತಿರೋನು ಪಂಚೆ ಉಟ್ಕೊಂಡು ಓಡ್ತಿದಾನೆ ಅಂತ, ಅದು ಬೇಕು ನಮಗೆ.

ವಾಲಂಟಿಯರ್‌ಗಳು ನಿಮ್ಮ ಮುಖ ನೋಡಿ ಕೇಳ್ತಾರೆ "ಇವ್ರಿಗೆ ಬಾಳೆಹಣ್ಣು ಬೇಕಾ" ಅಂತ. ಉತ್ತರ ಕೊಡ್ಬೇಡಿ. ಸುಮ್ನೆ ನಮ್ಮ ಕಡೆ ತಿರುಗಿ. ಎರಡು ಸೆಕೆಂಡ್ ಆದ್ಮೇಲೆ ಅವ್ರಿಗೇ ಅರ್ಥ ಆಗುತ್ತೆ. ಇನ್ನೊಂದು, ಫಿನಿಶಲ್ಲಿ ಫೋಟೋಗೆ ಅಂತ ನಮ್ಮ ಕೈ ಎತ್ತಬೇಡಿ, ಒಬ್ಬ ಹೇಳ್ದೆ ಕೇಳ್ದೆ ನನ್ನ ಕೈಯನ್ನ ಟ್ರೋಫಿ ಥರ ಮೇಲೆತ್ತಿಬಿಟ್ಟ. ಎತ್ತಬೇಕು ಅನ್ಸಿದ್ರೆ ನಾವೇ ಎತ್ತುತೀವಿ.

ಹಂಪ್_ಹಂಪ್:

ಕಿವಿ ಸರ್ ಆ ಕೈ ಎತ್ತಿದ ತಪ್ಪು ನಾನೂ ಮಾಡಿದೀನಿ, ಬೇರೆಯವ್ರಿಗೆ. ಫೋಟೋ ಚೆನ್ನಾಗಿ ಬಂದಿತ್ತು ಅನ್ನೋದೇ ಬೇಜಾರು.

ಮಂದಗತಿ ಅವ್ರೆ, ಒಂದು ಸಲ ನೀವೇ ಕಣ್ಣಿಗೆ ಕರ್ಚೀಫ್ ಕಟ್ಕೊಂಡು ಓಡಿ, ಅವ್ರ ಕೈಲಿ ಆಗಲ್ಲ, ಬೇರೆ ಫ್ರೆಂಡ್ ಕೈಲಿ ಗೈಡ್ ಮಾಡಿಸ್ಕೊಳ್ಳಿ. ಪ್ಯಾರಾ ಸ್ಪರ್ಧೆಲಿ ಟಿ11, ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಕಣ್ಣು ಕಾಣದವ್ರ ವರ್ಗದಲ್ಲಿ, 1500 ಮೀಟರ್‌ವರೆಗಿನ ಟ್ರ್ಯಾಕ್ ಓಟಗಳಲ್ಲಿ ಎಲ್ಲಾ ಅಥ್ಲೀಟ್ಸೂ ಕಣ್ಣಿಗೆ ಪಟ್ಟಿ ಕಟ್ಕೊಂಡೇ ಓಡೋದು, ಯಾರಿಗೋ ಚೂರು ಬೆಳಕು ಕಂಡು ಅನುಕೂಲ ಆಗ್ಬಾರ್ದು ಅಂತ. ನಾನು ಕಟ್ಕೊಂಡು 200 ಮೀಟರ್ ಹೋಗೋಷ್ಟ್ರಲ್ಲಿ ಫ್ರೆಂಡ್‌ಗೆ ಸಿಕ್ಕಾಪಟ್ಟೆ ಬೈದೆ, ಆಮೇಲೆ ನೋಡಿದ್ರೆ ಅವನು ಮಾಡಿದ ಎಲ್ಲಾ ತಪ್ಪೂ ನಾನು ಮಾಡ್ತಿದ್ದ ತಪ್ಪುಗಳೇ. ಆಮೇಲೆ ಆರ್ಗನೈಸರ್‌ಗೆ ಈಗ್ಲೇ ಮೇಲ್ ಹಾಕಿ, ಗೈಡ್ ಬಿಬ್ (ಎದೆಗೆ ಹಾಕೋ ನಂಬರ್ ಚೀಟಿ) ಹೆಂಗೆ, ಅರ್ಧದಲ್ಲಿ ಗೈಡ್ ಬದಲಾಯ್ಸಿದ್ರೆ ಓಕೆನಾ, ಎಲ್ಲಾ ಬರವಣಿಗೇಲಿ ತಗೊಳ್ಳಿ. ಒಂದು ಓಟದಲ್ಲಿ ಸೆಕ್ಯುರಿಟಿಯವ್ನು ನನಗೆ ಬಿಬ್ ಇಲ್ಲ ಅಂತ ಗೇಟಲ್ಲೇ ನಿಲ್ಲಿಸ್ಬಿಟ್ಟಿದ್ದ, ದಾರದ ಆ ತುದಿ ಒಳಗೆ, ಈ ತುದಿ ಹೊರಗೆ.

ಮಂದಗತಿ_ಮಲ್ಲೇಶ್ವರಂ:

ಅಪ್‌ಡೇಟ್. ಎಲ್ಲರಿಗೂ ಥ್ಯಾಂಕ್ಸ್, ಕಿವಿ ಸರ್‌ಗೆ ಡಬಲ್. ಈ ಥ್ರೆಡ್‌ನ ಸರ್‌ಗೆ ಕಳಿಸ್ದೆ, ಅವ್ರ ಫೋನ್ ಕ್ಯಾಂಟೀನಲ್ಲಿ ಎಲ್ಲರ ಮುಂದೆ ಜೋರಾಗಿ ಓದ್ತು, "ಶುರುವಾಗಿದೆ ಪುಕಪುಕ" ಅಂತ ಮ್ಯಾನೇಜರ್ ಈಗ ದಿನಾ ರೇಗಿಸ್ತಿದಾರೆ.

ಕರ್ಚೀಫ್ ಕಟ್ಕೊಂಡು ಓಡ್ದೆ. ನೂರು ಮೀಟರ್‌ಗೇ ನಿಲ್ಸಿಬಿಟ್ಟೆ, ಸಪಾಟು ರೋಡಲ್ಲೂ ಕಾಲು ತಾನಾಗೇ ಮೇಲೆ ಮೇಲೆ ಎತ್ತಿ ಇಡ್ತಿದ್ದೆ, ನಂಬಿಕೆ ಅನ್ನೋದೇ ಬರಲ್ಲ ಮಾರಾಯ್ರೆ. ನಿನ್ನೆ ಬೆಳಿಗ್ಗೆ ಐದಕ್ಕೆ ಸರ್ ಜೊತೆ ಕಬ್ಬನ್ ಪಾರ್ಕಲ್ಲಿ 16 ಕಿಮೀ. ಟೀ ಶರ್ಟ್ ಹಗ್ಗ ಸೂಪರ್. ಒಂದ್ಕಡೆ ಎಡ ಅನ್ನೋ ಬದ್ಲು ಬಲ ಅಂದ್ಬಿಟ್ಟೆ, ಅವ್ರು ಬಲಕ್ಕೆ ತಿರುಗಿ ನೇರ ನನ್ನ ಪಕ್ಕೆಗೆ ಗುದ್ದಿ, "ಬ್ಯಾಲೆನ್ಸ್ ಶೀಟೂ ಹಿಂಗೇ ಮಾಡ್ತೀಯಾ?" ಅಂದ್ರು. ಬಿದಿರು ಮೆಳೆ ಹತ್ರ ಬಂದಾಗ ನಾನಿನ್ನೂ ಬಾಯಿ ತೆಗ್ದಿರ್ಲಿಲ್ಲ, ಅವ್ರೇ "ಬಿದಿರಲ್ವಾ, ಗಾಳಿ ಸದ್ದು ಬೇರೆ ಆಯ್ತು" ಅಂದ್ರು. ಎಷ್ಟೋ ವರ್ಷದಿಂದ ಅಲ್ಲಿ ಓಡ್ತಿದೀನಿ, ಅಲ್ಲಿ ಸದ್ದು ಬೇರೆ ಅಂತ ನನಗೆ ಗೊತ್ತೇ ಇರ್ಲಿಲ್ಲ.

ಇನ್ನೊಬ್ಬ ಗೈಡ್ ಬೇಕು. 7 ನಿಮಿಷದ ಪೇಸಲ್ಲಿ ಆರಾಮಾಗಿ ಮಾತಾಡ್ತಾ 21 ಓಡೋರು, ಎಡ ಬಲ ಗೊತ್ತಿರೋರು ಇದ್ರೆ ಮೆಸೇಜ್ ಮಾಡಿ. ಭಾನುವಾರ ಐದಕ್ಕೆ, ಲೈಬ್ರರಿ ಮುಂದೆ. ಓಡಿದ್ಮೇಲೆ ಇಡ್ಲಿ ಕಾಫಿ ಸರ್ ಲೆಕ್ಕದಲ್ಲಿ, ಅವ್ರೇ ಹೇಳಿದ್ದು.